ಸವತಿಯ ತೋಳು

ನೌಬಾದದ ಮೆಕ್ಯಾನಿಕ್ ಕುಣಾಲ, ಮಣ್ಣಿನ ಟ್ರ್ಯಾಕಿನಲ್ಲಿ ಓಡಿಸುವ ತನ್ನ ರೇಸ್ ಕಾರಿಗೆ ಕಂಟ್ರೋಲ್ ಆರ್ಮ್, ಅಂದರೆ ಚಕ್ರವನ್ನು ಹಿಡಿದಿಡುವ ತೋಳು, ಆರಿಸುವುದರಲ್ಲೇ ಎಂಟು ದಿನ ಕಳೆದಿದ್ದ. ಹೆಂಡತಿ ಸಪನಾಳಿಗೆ ಹೊಟ್ಟೆ ಉರಿಯುತ್ತಿತ್ತು. ಆ ಕಾರನ್ನು ಅವಳು ಮನಸ್ಸಿನಲ್ಲೇ ಸವತಿ ಎಂದು ಕರೆಯುತ್ತಿದ್ದಳು.

ಇಂದು ಅವನು ಎರಡು ತೋಳುಗಳನ್ನು ತಂದು ಅವಳ ರೊಟ್ಟಿ ಬುಟ್ಟಿಯ ಪಕ್ಕದಲ್ಲೇ ಇಟ್ಟ.

"ಅಲ್ಯೂಮಿನಿಯಂದು ಹಗುರ ಅದ. ಉಕ್ಕಿಂದು ಭಾರ, ಆದ್ರ ಬಾಗಿದ್ರ ನೆಟ್ಟಗ ಮಾಡಬಹುದು. ಯಾವುದು ಹಾಕ್ಲಿ?"

"ಅಕಿ ತೋಳಿನ ಅಳತಿ ಎಷ್ಟರಿ?"

"ಮುನ್ನೂರಾ ಹದಿನೆಂಟು ಮಿಲಿಮೀಟರ್," ಎಂದ ಕುಣಾಲ ಥಟ್ಟನೆ.

"ನನ್ನ ಕೈಬಳಿ ಅಳತಿ?"

ಅವನು ತಲೆ ಕೆರೆದುಕೊಂಡ. ಪ್ರತಿ ಪಂಚಮಿಗೆ ಅವನು ಭಾಲ್ಕಿಯಿಂದ ತರುವ ಬಳೆ ಅವಳ ಕೈಗೆ ಏರಿದ್ದೇ ಇಲ್ಲ.

"ಉಕ್ಕಿಂದೇ ಹಾಕ್ರಿ," ಎಂದಳು ಸಪನಾ. "ನಾ ಬಾಗಿಸಿದ ಮ್ಯಾಲ ನೆಟ್ಟಗ ಮಾಡ್ಕೋಬಹುದು."