ರೀಸ್ಟಾರ್ಟ್ ರಾಯರು

ಆಸ್ಪತ್ರೆಯ ನೆಲಮಾಳಿಗೆಯ ಸರ್ವರ್ ಕೋಣೆಯಲ್ಲಿ, ಎಸಿಯ ಚಳಿಗೆ ಬೇಸಿಗೆಯಲ್ಲೂ ಸ್ವೆಟರ್ ತೊಟ್ಟು ಕೂರುವ ಅವರನ್ನು ಎಲ್ಲರೂ ಕರೆಯುವುದು ರೀಸ್ಟಾರ್ಟ್ ರಾಯರು ಎಂದೇ. ಲ್ಯಾಬಿನ ರಿಪೋರ್ಟುಗಳನ್ನು ಡಾಕ್ಟರರ ಕಂಪ್ಯೂಟರಿಗೆ ತಲುಪಿಸುವ ಸರ್ವಿಸ್ ದಿನಕ್ಕೆ ನಾಲ್ಕೈದು ಸಲ ಹೇಳದೆ ಕೇಳದೆ ನಿಲ್ಲುತ್ತದೆ. ರಾಯರು ಅದರ ಲಾಗ್ ದಾಖಲೆಗಳನ್ನೆಲ್ಲ ಜಾಲಾಡಿದ್ದಾರೆ, ಮೆಮೊರಿ ಬದಲಿಸಿದ್ದಾರೆ. ಕಾರಣ ಮಾತ್ರ ಸಿಕ್ಕಿಲ್ಲ. ದಿನಕ್ಕೆ ಮೂರು ಸಲ ತಾನಾಗಿ ಏಳುವಂತೆ ಮಾಡಿಟ್ಟಿದ್ದಾರೆ, ನಾಲ್ಕನೆಯದಕ್ಕೆ ಅವರ ಕೈಯೇ ಬೇಕು. "ನಿಮ್ಮ ಮಗು ಮತ್ತೆ ಮಲಗ್ತು ರಾಯರೇ" ಎಂದು ಲ್ಯಾಬಿನವಳು ಫೋನಿನಲ್ಲಿ ನಕ್ಕರೆ, "ಮಲಗಿಲ್ಲಮ್ಮ, ಮುನಿಸ್ಕೊಂಡಿದೆ" ಎನ್ನುವಷ್ಟರಲ್ಲಿ ಅದು ಎದ್ದಿರುತ್ತದೆ. ಊಟದ ನಡುವೆ ಓಡಿಬಂದು ಎಡಗೈಯಲ್ಲಿ ಟೈಪ್ ಮಾಡಿ ಎಬ್ಬಿಸಿದ್ದೂ ಉಂಟು. ಒಂದು ನಿಮಿಷ ತಡವಾದರೂ ಅವರಿಗೆ ಅವಮಾನ. ಮೊನ್ನೆ ಮಧ್ಯಾಹ್ನ ಅದು ನಾಲ್ಕನೆಯ ಸಲ ನಿಂತಾಗ, ತಲುಪದೆ ಉಳಿದ ರಿಪೋರ್ಟುಗಳ ಸಾಲಿನಲ್ಲಿ ಮೊದಲಿಗಿದ್ದದ್ದು, ತಾಯಿಯಿಲ್ಲದ ರಾಯರನ್ನು ಎತ್ತಿ ಆಡಿಸಿ ಸಾಕಿದ ಅಕ್ಕನ ಹೆಸರು. ಎದೆಯ ಗಂಟಿನ ಪರೀಕ್ಷೆ. ಮೇಲಿನ ಮಹಡಿಯಲ್ಲಿ ಡಾಕ್ಟರರ ಎದುರು ಕೂತಿದ್ದ ಅಕ್ಕನಿಂದ ಫೋನ್ ಬಂತು: "ಏನೋ, ಇನ್ನೂ ಬಂದಿಲ್ವಂತೆ?" "ಸರ್ವರ್ ನಿಂತಿದೆ ಅಕ್ಕ, ಸ್ವಲ್ಪ ಹೊತ್ತಾಗುತ್ತೆ" ಎಂದ ರಾಯರು, ಎರಡೂ ಕೈಗಳನ್ನು ಕೀಬೋರ್ಡಿನಿಂದ ತೆಗೆದು ತೊಡೆಯ ಕೆಳಗೆ ಇಟ್ಟುಕೊಂಡು ಕುಳಿತರು.