ಮೇಡಂ ಒಪ್ಪದ ಕ್ರಿಯಾಪದ

ಅವರ ಬಲಗೈ ಹೆಬ್ಬೆರಳಿನ ಉಗುರು ನಟ್ಟನಡುವೆ ಸೀಳಿತ್ತು. ಪಾಠ ಓದುವಾಗ ಆ ಉಗುರನ್ನು ಸಾಲಿನ ಕೆಳಗೆ ಎಳೆಯುತ್ತಾ ಹೋಗಿ, ಕ್ರಿಯಾಪದ ಬಂದಲ್ಲಿ ಗಕ್ಕನೆ ನಿಲ್ಲಿಸುತ್ತಿದ್ದರು. "ಯಾರು ಮಾಡಿದ್ದು? ಬೇಕಂತ ಮಾಡಿದ್ದಾ? ಅದು ಗೊತ್ತಾಗದೆ ಮುಂದಕ್ಕೆ ಹೋಗಬೇಡಿ." ಕೆ.ಆರ್. ಪೇಟೆಯಲ್ಲಿ ನಮಗೆ ಇಂಗ್ಲಿಷ್ ಕಲಿಸಿದ ಮೇಡಂ ಅವರು.

ಎರಡನೇ ಬಿ.ಎ. ಓದುವಾಗ ಒಂದು ಭಾನುವಾರ ನಾಗಮಂಗಲದ ಅಕ್ಕನ ಮನೆಯಿಂದ ಹಾಸ್ಟೆಲಿಗೆ ಹೊರಟಿದ್ದೆ. ದಾರಿಯಲ್ಲಿ ಬಸ್ಸು ಕೆಟ್ಟಿತು, ಕತ್ತಲಾದರೂ ಬೇರೆ ಬಸ್ಸು ಬರಲಿಲ್ಲ. ಮೊಬೈಲಿನಲ್ಲಿ ಚಾರ್ಜಿರಲಿಲ್ಲ, ಯಾರ ನಂಬರೂ ಬಾಯಿಗೆ ಬರುತ್ತಿರಲಿಲ್ಲ. ಬಸ್ಸಿನಲ್ಲಿ ಜೊತೆಗಿದ್ದ ಅಜ್ಜಿಯೊಬ್ಬರು ತಮ್ಮ ಮನೆಯಲ್ಲಿ ಮಲಗಿಸಿಕೊಂಡರು. ಬೆಳಗಿನ ಮೊದಲ ಬಸ್ಸಿಗೆ ಬಂದರೆ ಹಾಸ್ಟೆಲ್ ಗೇಟಿನಲ್ಲಿ ಅಪ್ಪ, ಚಿಕ್ಕಪ್ಪ ನಿಂತಿದ್ದರು.

ಸಂಜೆಯ ಹಾಜರಿಯಲ್ಲಿ ನಾನಿಲ್ಲವೆಂದು ವಾರ್ಡನ್ ಅಪ್ಪನಿಗೆ ವಾಟ್ಸಾಪ್ ಮಾಡಿದ್ದರು. ನಾನು 'ಅಬ್ಸ್ಕಾಂಡ್' ಆಗಿದ್ದೇನೆಂದು ಇಂಗ್ಲಿಷಿನಲ್ಲಿ ಬರೆದಿದ್ದರು. ಅಪ್ಪ ಅದನ್ನು ಹಾಲಿನ ಡೈರಿಯಲ್ಲಿ ಓದಿಸಿದಾಗ ಓದಿದವನು ಎಲ್ಲರೆದುರು, "ಓಡೋಗವ್ಳಂತೆ" ಎಂದುಬಿಟ್ಟಿದ್ದ. ಅಕ್ಕನಿಗೆ ಫೋನು ಮಾಡಿದರೆ, "ನಾಕ್ ಗಂಟೆಗೇ ಒಂಟ್ಲು" ಎಂದಿದ್ದಳು.

"ಓದ್ಸಿದ್ದು ಸಾಕು ಬುಡಣ್ಣ, ಕರ್ಕಂಡ್ ನಡಿ," ಎಂದು ಚಿಕ್ಕಪ್ಪ ನನ್ನ ರಟ್ಟೆ ಹಿಡಿದರು. ಬಸ್ಸು ಕೆಟ್ಟಿದ್ದನ್ನು ಹೇಳಿದೆ. ಅಪ್ಪ ನನ್ನ ಮುಖವನ್ನೇ ನೋಡಲಿಲ್ಲ.

ಹಾಸ್ಟೆಲಿನ ಗೆಳತಿಯೊಬ್ಬಳು ಓಡಿಹೋಗಿ ಪಕ್ಕದ ಬೀದಿಯಿಂದ ಮೇಡಂ ಅವರನ್ನು ಕರೆತಂದಳು. ಮೆಸೇಜು ಓದಿ ಅವರು ಗೇಟಿನಲ್ಲೇ ಇದ್ದ ವಾರ್ಡನ್ ಕಡೆ ತಿರುಗಿದರು. "ಇದು ಲ್ಯಾಟಿನ್‌ನಿಂದ ಬಂದ ಮಾತು. ದೂರ ಒಯ್ದು ಬಚ್ಚಿಡು ಅಂತ ಅದರ ಮೂಲ. ತಪ್ಪು ಮಾಡಿ, ಸಿಕ್ಕಬಾರದು ಅಂತ ತಲೆಮರೆಸಿಕೊಂಡೋರಿಗೆ ಹೇಳೋದು. ಈ ಹುಡುಗಿ ಏನು ಮಾಡಿದ್ದಳು?"

"ಎಲ್ಲಾರೂ ಇಂಗೇ ಬರೀತಾರೆ ಮೇಡಂ."

"ತಲೆಮರೆಸಿಕೊಂಡೋರು ಮೊದಲ ಬಸ್ಸಿಗೆ ತಾವಾಗೇ ಬಂದು ಗೇಟಲ್ಲಿ ನಿಲ್ತಾರಾ? ಇನ್ನೂ ಬಂದಿಲ್ಲ ಅಂತ ಬರೆಯೋಕೆ ಇಂಗ್ಲಿಷಲ್ಲಿ ಬೇರೆ ಮಾತಿರಲಿಲ್ಲವಾ?"

ಚಿಕ್ಕಪ್ಪನ ಹಿಡಿತ ಸಡಿಲವಾಯಿತು. ಆಗ ಅಪ್ಪ ಬಾಯಿಬಿಟ್ಟರು: "ಅದ್ ಸರಿ ಮೇಡಮ್ನೋರೆ. ಊರೋರ್ಗೆ ಏನಂತ ಯೇಳ್ಲಿ?"

"ನೀವು ಹೇಳಬೇಡಿ. ನಾನು ಬರ್ತೀನಿ."

ಆ ಸಂಜೆ ಹಾಲು ಹಾಕುವ ಹೊತ್ತಿಗೆ, ಬೂಕನಕೆರೆ ಪಕ್ಕದ ನಮ್ಮೂರ ಡೈರಿ ಮುಂದೆ ಮೇಡಂ ನನ್ನ ಜೊತೆ ಆಟೋದಿಂದ ಇಳಿದರು. ಕ್ಯಾನು ಹಿಡಿದ ಜನ ಅತ್ತ ತಿರುಗಿದರು. "ಈ ಮಗು ಓಡಿಹೋಗಿರಲಿಲ್ಲ. ಬಸ್ಸು ಕೆಟ್ಟಿತ್ತು. ತಪ್ಪು ಮಾತು ಬರೆದದ್ದು ನಾವು," ಎಂದರು. ತಾವು ಬರೆಯದ ಮಾತಿಗೆ 'ನಾವು' ಎಂದರು. ಹಿಂದಿನಿಂದ ಯಾರೋ ಕಿಸಕ್ಕನೆ ನಕ್ಕರು. ಮೇಡಂ ಆ ಕಡೆಗೇ ತಿರುಗಿ ನಿಂತು, ಅಷ್ಟನ್ನೂ ಮತ್ತೊಮ್ಮೆ ಹೇಳಿದರು. ಆಮೇಲೆ ಯಾರೂ ನಗಲಿಲ್ಲ.

ನಾನು ಡಿಗ್ರಿ ಮುಗಿಸಿದೆ. ಹೋದ ವರ್ಷ ಮೇಡಂ ತೀರಿಕೊಂಡರು. ಮಣ್ಣು ಮುಗಿಸಿಕೊಂಡು ಬರುವಾಗ ಅಪ್ಪ ದಾರಿಯಲ್ಲಿ ಬೈಕು ನಿಲ್ಲಿಸಿದರು.

"ಅವತ್ತು ನೀನ್ ಯೇಳ್ದಾಗ್ಲೇ ನಾನ್ ನಂಬ್ಬೇಕಿತ್ತು ಕಣವ್ವ," ಎಂದರು. "ಅವ್ರು ಬರೋಗಂಟ ಕಾದ್ಬುಟ್ಟೆ."