ಬುತ್ತಿ ಕಟ್ಟಿಕೊಳ್ಳದ ರಾಜಕುಮಾರಿ

ಗೆಳತಿಯರೇ, ಹುಡುಗಿಯರೆಲ್ಲ ಹೊಗಳುವ ಆ ಮಾಯಾಲೋಕದ ಕಾದಂಬರಿ ನನಗೆ ಸೇರಲೇ ಇಲ್ಲ. ಓದಲು ಕೊಟ್ಟವಳು ಅಣ್ಣನ ಮಗಳು ಸುಮಾ. ನಾನು ಏಳನೇ ಕ್ಲಾಸಿಗೇ ಶಾಲೆ ಬಿಟ್ಟವಳು, ನನಗೇ ತಿಳಿಯಲಿಲ್ಲವೇನೋ, ಹೇಳಿದರೆ ನಕ್ಕಾಳೇನೋ ಎಂದು ಬೆಳಗಿನಿಂದ ಚಿಂತೆ. ಶಿಗ್ಗಾಂವಿಯಿಂದ ಹಿರೇಕೆರೂರಿನ ಹಾಸ್ಟೆಲಿಗೆ ಹೊರಟ ಸುಮಾ ಪುಸ್ತಕ ಒಯ್ಯಲು ಬಂದೇಬಿಟ್ಟಳು.

“ಹೆಂಗಿತ್ತ ಅತ್ತಿ?”

“ರಾಜಕುಮಾರಿ ವಾರಗಟ್ಲೆ ಅಡವ್ಯಾಗ ತಿರಗತಾಳ, ಬುತ್ತೀನ ಕಟ್ಕೊಂಡಿಲ್ಲಲ್ಲವಾ! ನಂಗ ಅದರದ ಚಿಂತಿ, ಕಥಿ ತಲಿಗೇ ಹೋಗಲಿಲ್ಲ.”

“ಅಯ್ಯ ಅತ್ತಿ, ಮಾಯಾಲೋಕದಾಗ ಯಾರಿಗೆ ಹಸಿವಿ ಆಗ್ತೈತಿ?” ಎಂದು ನಕ್ಕೇಬಿಟ್ಟಳು.

ನಾನು ಕಟ್ಟಿದ ರೊಟ್ಟಿ ಬುತ್ತಿ, ಆ ದಪ್ಪ ಪುಸ್ತಕ ಎರಡಕ್ಕೂ ಒಟ್ಟಿಗೆ ಅವಳ ಬ್ಯಾಗಿನಲ್ಲಿ ಜಾಗವಿರಲಿಲ್ಲ. ಬುತ್ತಿ ಒಳಗೆ ಹೋಯಿತು, ಪುಸ್ತಕ ನಮ್ಮ ಮನೆಯಲ್ಲೇ ಉಳಿಯಿತು. ಬುತ್ತಿ ಹತ್ತಿರದ ಬಂಕಾಪುರ ದಾಟುವುದರೊಳಗೆ ಖಾಲಿಯಾಯಿತೆಂದು ಈಗಷ್ಟೇ ಅವಳ ಫೋನು ಬಂತು.